ಅಪ್ಪನ ಪಾಳಿ

"ಏ ರಂಡಿ, ಇದೇನ್ ನಿಮ್ಮಪ್ಪ ಕಟ್ಟಿಸಿದ ಸಾಲಿ ಅಂತ ತಿಳದೀಯೇನ? ಮಗಳ್ನ ತಂದು ಉಸುಕಿನ ಮ್ಯಾಲ ಕುಂಡ್ರಿಸೀದಿ!"

ಸೂಪರ್‌ವೈಸರ್ ಶಿವರುದ್ರಪ್ಪನ ದನಿಗೆ ಯಂಕವ್ವನ ತಲೆಯ ಮೇಲಿನ ಬುಟ್ಟಿ ಅಲ್ಲಾಡಿ, ಕಲಸಿದ ಸಿಮೆಂಟು ಹೆಗಲ ಮೇಲೆ ಸುರಿಯಿತು. ಶಿವರುದ್ರಪ್ಪ ಜಮಖಂಡಿ ಕಡೆಯವನು. ಎಂಜಿನಿಯರರ ಮುಂದೆ ಮರಾಠಿ ಆಡುತ್ತಿದ್ದ, ಬಿಲ್ಡರ್ ಬಂದರೆ ಹಿಂದಿ. ಕನ್ನಡವನ್ನು ಮಾತ್ರ ಆಳುಗಳನ್ನು ಬೈಯಲು ಇಟ್ಟುಕೊಂಡಿದ್ದ.

"ಇವತ್ ಅವಳಪ್ಪನ ಪಾಳಿ ಅದರಿ ಸಾಹೇಬ್ರ. ಮುಂಜಾನಿ ಗೇಟಿನ ಮುಂದ ಬಿಟ್ಟು ಹೋದಾ. ಎಲ್ಲಿ ಬಿಡ್ಲಿರಿ?"

"ಅಪ್ಪನ ಪಾಳಿ ಅಂತ! ಎಷ್ಟ್ ಮಂದಿ ಅಪ್ಪಂದಿರು ಪಾಳಿ ಹಚ್ಚ್ಯಾರ?"

ತನ್ನ ಮಾತಿಗೆ ತಾನೇ ನಕ್ಕ. ಆಳುಗಳು ತಮ್ಮ ತಮ್ಮ ಬುಟ್ಟಿ ನೋಡಿಕೊಂಡರು. ಯಂಕವ್ವ ಯಾರಿಗೆ ಸಿಮೆಂಟು ಹೊತ್ತು ಹಾಕುತ್ತಿದ್ದಳೋ ಆ ಗವಂಡಿ ಮಾಂತು ಥಾಪಿಯಿಂದ ಸಿಮೆಂಟು ಸಮ ಮಾಡುತ್ತಲೇ ಇದ್ದ. ಅವನೂ ಅವಳ ಊರ ಕಡೆಯವನೇ, ಆದರೆ ಹೊಟ್ಟೆಗೆ ಊರು ಕೇರಿ ಇರುವುದಿಲ್ಲ.

ಹಿಂದಿನ ತಿಂಗಳು ಮೇಲಿಂದ ಹಲಗೆ ಬಿದ್ದು ಒಬ್ಬ ಹುಡುಗನ ಕಾಲು ಮುರಿದಿತ್ತು. ಅಂದಿನಿಂದ ಸೈಟಿನೊಳಗೆ ಮಕ್ಕಳು ಕಾಣಬಾರದೆಂದು ಕಟ್ಟಪ್ಪಣೆ.

"ಇನ್ನೊಮ್ಮಿ ಕಂಡ್ರ ಫೋಟೋ ತಗದು ಆಫೀಸಿಗೆ ಕಳಸ್ತೀನಿ. ಪಗಾರೂ ಇಲ್ಲ, ಕೆಲಸಾನೂ ಇಲ್ಲ" ಎಂದು ಶಿವರುದ್ರಪ್ಪ ಹೋದ. ಏಳು ವರ್ಷದ ಶೀತಲ ಉಸುಕಿನ ಗುಡ್ಡೆಯ ಹಿಂದೆ ಮುದುರಿಕೊಂಡು ಕುಳಿತಳು.

ಈ ಪಾಳಿ ಬಿದ್ದದ್ದು ಯಂಕವ್ವನ ಬಾಯಿಂದಲೇ. ಅವಳ ಗಂಡ ಅಂಬಾರಾಯ ಒಂದು ಕಾಲಕ್ಕೆ ಅವಳ ಜೊತೆ ಇದೇ ಬುಟ್ಟಿ ಹೊತ್ತವನು. ಆಮೇಲೆ ಮುಕಾದಮನಾದ. ಊರ ಕಡೆಯಿಂದ ಆಳು ತಂದು ಸೈಟಿಗೆ ಬಿಡುವ ಧಂಧೆ ಹಿಡಿದ. ಮೋಟರ್ ಸೈಕಲ್ಲು ಕೊಂಡ, ಅದರ ಹಿಂದೆ ಕೂಡಲಿಕ್ಕೆ ಇನ್ನೊಬ್ಬಳನ್ನೂ ತಂದ. ಕೋರ್ಟಿನಲ್ಲಿ ಗಂಡ ಹೆಂಡಿರ ಬಿಡುಗಡೆಯಾಯಿತು. ಮಗಳು ತಾಯಿಯ ಹತ್ತಿರ ಉಳಿದಳು. ಮಗಳ ಅನ್ನ, ಅರಿವೆ, ಸಾಲೆಗೆಂದು ಅಪ್ಪ ತಿಂಗಳಾ ಪೋಟಗಿ ಅಂತ ಹಣ ಕೊಡಬೇಕೆಂದು ಆಯಿತು. ಅದು ಅವನಿಗೆ ಕಣ್ಣಿಗೆ ಉಸುಕು ಬಿದ್ದಂತಾಗಿ, ಸದಾಶಿವ ಪೇಠದ ವಕೀಲನೊಬ್ಬನನ್ನು ಹಿಡಿದ. ಅಪ್ಪನಿಗೂ ಮಗಳ ಸಹವಾಸ ಬೇಕೆಂದು ವಕೀಲ ಅರ್ಜಿ ಹಾಕಿದ.

ಕೋರ್ಟಿನಲ್ಲಿ ರಾಜಿ ಮಾಡಿಸುವ ಸುಲಭಾ ಮೇಡಂ ಯಂಕವ್ವನನ್ನು ಕೂರಿಸಿಕೊಂಡು, ಮಗುವಿಗೆ ಅಪ್ಪನ ಪ್ರೀತಿ ಬೇಡವೇ ಎಂದು ಮರಾಠಿಯಲ್ಲಿ ಕೇಳಿದರು. ದನಿಯಲ್ಲಿ ಸಕ್ಕರೆ ಇತ್ತು. ಅಷ್ಟು ಮರ್ಯಾದೆಯಿಂದ ಯಾರೂ ಮಾತಾಡಿಸದೆ ವರ್ಷಗಳೇ ಆಗಿದ್ದವು, ಯಂಕವ್ವ ಕರಗಿಹೋದಳು. ಹರಕು ಮುರಕು ಮರಾಠಿಗೆ ಕನ್ನಡ ಬೆರೆಸಿ ಹೇಳಿದಳು: "ಮಗಳು ಇಬ್ಬರದೂ ಅಲ್ಲೇನ್ರಿ ಮೇಡಂ? ಬ್ಯಾಡ ಅನ್ಲಿಕ್ಕೆ ನಾ ಯಾರ್ರಿ? ಒಯ್ಲಿ, ಎಷ್ಟ್ ದಿನ ಬೇಕಂತಾನ ಅಷ್ಟ್ ದಿನ ಇಟ್ಕೊಳ್ಲಿ."

ಊರಲ್ಲಾಗಿದ್ದರೆ ಇಂಥ ಮಾತಿಗೆ ಹಿರಿಯರು ತಲೆದೂಗಿ, ದೊಡ್ಡ ಮನಸ್ಸಿನಾಕಿ ಅನ್ನುತ್ತಿದ್ದರು. ಇಲ್ಲಿ ಬರೆದುಕೊಂಡರು. ಶುಕ್ರವಾರ ಸಂಜೆಯಿಂದ ಸೋಮವಾರ ಮುಂಜಾನೆಯವರೆಗೆ ಮಗಳು ಅಪ್ಪನ ಮನೆಯಲ್ಲಿ. ಹತ್ತಿರ ಹತ್ತಿರ ಅರ್ಧ ವಾರ ಅವನೇ ಸಾಕುತ್ತಾನಾದ್ದರಿಂದ ಪೋಟಗಿಯೂ ಅರ್ಧ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಹಿ ಮಾಡಿಸುವಾಗ ಅಂಬಾರಾಯ ಅವಳ ಕಡೆ ನೋಡಿ ಮೀಸೆಯಲ್ಲೇ ನಕ್ಕ.

ಆಮೇಲೆ ಪ್ರತಿ ಶುಕ್ರವಾರ ಸಂಜೆ ಬಂದು ಮಗಳನ್ನು ಒಯ್ಯುತ್ತಿದ್ದ, ಸುಳ್ಳಲ್ಲ. ಒಂದು ಚೀಲದಲ್ಲಿ ಗುಲಾಬಿ ಫ್ರಾಕು ಇರುತ್ತಿತ್ತು. ಅದನ್ನು ತೊಡಿಸಿ, ಐಸ್‌ಕ್ರೀಮ್ ಕೈಗೆ ಕೊಟ್ಟು ಒಂದು ಫೋಟೋ. ಮನೆಗೆ ಒಯ್ದು, ಹೊಸ ಹೆಂಡತಿ ತಲೆ ಬಾಚುವಾಗ ಒಂದು. ಹಾಸಿಗೆಯಲ್ಲಿ ಮಲಗಿಸಿ ಒಂದು. "ಹಲ್ಲ್ ಕಾಣಂಗ ನಗು. ಏ ಹಂಗಲ್ಲ, ಖುಷಿಲೆ ನಗಬೇ!" ರಾತ್ರಿ ಅಡುಗೆಮನೆಯ ಮೂಲೆಯಲ್ಲಿ ಚಾಪೆ. ಶನಿವಾರ ಮುಂಜಾನೆ ಫ್ರಾಕು ಬಿಚ್ಚಿಸಿಕೊಂಡು, ಮಡಚಿ ಚೀಲಕ್ಕೆ ಹಾಕಿ, ಹಳೆಯ ಅರಿವೆಯಲ್ಲಿ ಮಗಳನ್ನು ಸೈಟಿನ ಗೇಟಿಗೆ ಇಳಿಸಿ ಹೋಗುತ್ತಿದ್ದ.

"ಸೋಮಾರದ ತನಕ ಇಟ್ಕೊಬೇಕಂತ ಕೋರ್ಟ್ ಹೇಳ್ಯಾದ" ಎಂದು ಯಂಕವ್ವ ಒಮ್ಮೆ ಮೋಟರ್ ಸೈಕಲ್ಲಿಗೆ ಅಡ್ಡ ನಿಂತಿದ್ದಳು.

"ಬ್ಯಾಡಾಗಿದ್ರ ರಸ್ತಾದಾಗ ಬಿಡು. ನಾಯಿ ಮರಿನೂ ಬದುಕ್ತಾವ" ಎಂದು ಅವನು ಕಿಕ್ ಹೊಡೆದ.

ಶನಿವಾರ ಭಾನುವಾರ ಸಾಲೆ ಇಲ್ಲ. ಆಳುಗಳು ಇರುವ ತಗಡಿನ ಶೆಡ್ಡುಗಳಲ್ಲಿ ಕುಡಿದು ಬಿದ್ದ ಗಂಡಸರನ್ನು ಬಿಟ್ಟರೆ ಹಗಲು ಯಾರೂ ಇರುವುದಿಲ್ಲ. ಅಲ್ಲಿ ಒಂಟಿ ಹುಡುಗಿಯನ್ನು ಬಿಡಲು ತಾಯಿಯ ಕರುಳು ಒಪ್ಪೀತೇ?

ಶಿವರುದ್ರಪ್ಪ ಬೈದ ಮರುವಾರ, ಒಂದು ದಿನದ ಕೂಲಿ ಬಿಟ್ಟು, ಯಂಕವ್ವ ಮಗಳನ್ನು ಕಟ್ಟಿಕೊಂಡು ಸುಲಭಾ ಮೇಡಂ ಹತ್ತಿರ ಹೋದಳು. ಶನಿವಾರವೇ ತಂದು ಬಿಡುತ್ತಾನೆಂದು ಹೇಳಿ, ಪೋಟಗಿ ಮೊದಲಿನಂತೆ ಆಗಲಿ, ಪಾಳಿ ರದ್ದಾಗಲಿ ಎಂದು ಕೈಮುಗಿದಳು. ಮೇಡಂ ಕಂಪ್ಯೂಟರ್ ತಿರುಗಿಸಿ ಫೋಟೋಗಳನ್ನು ತೋರಿಸಿದರು. ಅಂಬಾರಾಯನ ವಕೀಲ ಪ್ರತಿ ವಾರ ತಪ್ಪದೆ ಕಳಿಸಿದ್ದ.

"ನೋಡಮ್ಮ, ಎಷ್ಟು ಖುಷಿಯಾಗಿದ್ದಾಳೆ" ಎಂದರು ಮರಾಠಿಯಲ್ಲಿ. ಆಮೇಲೆ ಶೀತಲಳ ಗಲ್ಲ ಹಿಡಿದು, "ಅಪ್ಪನ ಮನೆಗೆ ಹೋಗ್ತೀಯಾ ಪುಟ್ಟಾ?"

"ಹೋಗ್ತೀನಿ."

"ಏನು ಕೊಡಿಸ್ತಾರೆ?"

"ಐಸ್‌ಕ್ರೀಮ್."

ಹುಡುಗಿ ಸುಳ್ಳು ಹೇಳಲಿಲ್ಲ. ಯಂಕವ್ವನಿಗೆ ಮಗಳ ಬೆನ್ನಿಗೆ ಗುದ್ದಬೇಕೆನಿಸಿತು, ಮರುಗಳಿಗೆಯೇ ತನ್ನ ಬುದ್ಧಿಗೆ ತಾನೇ ಹೇಸಿದಳು.

"ಅವನ ದಿನಗಳಲ್ಲಿ ಮಗು ನಿನ್ನ ಹತ್ತಿರವೇ ಇದ್ದದ್ದಕ್ಕೆ ಏನಾದರೂ ಪುರಾವೆ ತಾ. ತಾರೀಖು ಇರುವ ಒಂದು ಫೋಟೋ ಆದರೂ ಸಾಕು" ಎಂದರು ಮೇಡಂ. ಯಂಕವ್ವನ ಕೈಯಲ್ಲಿದ್ದದ್ದು ಬಟನ್ ಫೋನು, ಕ್ಯಾಮೆರಾದ ಕಣ್ಣು ಯಾವತ್ತೋ ಒಡೆದಿತ್ತು.

ಮುಂದಿನ ಶನಿವಾರ ಅಂಬಾರಾಯ ಮಗಳನ್ನು ಮತ್ತೆ ಗೇಟಿಗೆ ಇಳಿಸಿ ಹೋದ. ಅವತ್ತು ಪಾರ್ಕಿಂಗಿನ ನೆಲಕ್ಕೆ ಕಾಂಕ್ರೀಟು ಹಾಕುವ ಕೆಲಸ. ಯಂಕವ್ವ ಶೀತಲಳನ್ನು ಸಿಮೆಂಟು ಚೀಲಗಳ ಮರೆಗೆ ಕೂರಿಸಿ ಬುಟ್ಟಿ ಹೊತ್ತಳು. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಶಿವರುದ್ರಪ್ಪ ಹುಡುಗಿಯ ರಟ್ಟೆ ಹಿಡಿದು ಹೊರಗೆಳೆದಿದ್ದ.

"ಸಿಕ್ಕಿಯಲ್ಲ ಈಗ! ನಿಂದ್ರ್ ಇಲ್ಲೆ. ನೀನೂ ಬಾರಬೇ, ಮಗಳ ಮಗ್ಗಲಕ್ಕ ನಿಂದ್ರ."

ಅವನು ಫೋನು ಎತ್ತಿದ. ಶೀತಲ ಲಂಗ ಜಗ್ಗಿ ನೇರ ಮಾಡಿಕೊಂಡು, ಗದ್ದ ಮೇಲೆತ್ತಿ, ಹಲ್ಲು ಕಾಣುವಂತೆ ನಕ್ಕಳು. ಫೋನು ಎತ್ತಿದವರ ಮುಂದೆ ಹಾಗೆ ನಗಬೇಕೆಂಬುದಷ್ಟೇ ಅವಳಿಗೆ ಗೊತ್ತಿತ್ತು. ಯಂಕವ್ವ ಮಗಳ ಮುಖದಿಂದ ಕಣ್ಣು ಕಿತ್ತು ಆ ಫೋನಿನ ಕಡೆ ನೋಡಿದಳು.

ಅದರ ಬೆನ್ನಿಗೇ ಅವಳಿಗೆ ಹೊಳೆಯಿತು. ಮೇಡಂ ಕೇಳಿದ್ದು ಇದನ್ನೇ ಅಲ್ಲವೇ! ಶನಿವಾರ, ಹಾಡಹಗಲು, ಮಗಳು ಅವಳ ಮಗ್ಗುಲಲ್ಲಿ.

"ಸಾಹೇಬ್ರ, ನಿಮ್ಮ ಕಾಲ್ ಬೀಳ್ತೀನ್ರಿ, ಆ ಫೋಟೋ ನನಗ ಕೊಡ್ರಿ! ಪಗಾರ ಬೇಕಾದ್ರ ಮುರ್ಕೋರಿ. ಕೋರ್ಟಿಗಿ ತೋರಸ್ಬೇಕ್ರಿ. ಅವಳಪ್ಪ ಸುಳ್ಳ ಹೇಳ್ಲಿಕತ್ತಾನ, ಅರ್ಧ ಪೋಟಗಿ ನುಂಗ್ಲಿಕತ್ತಾನ..."

ಪಾಪದವಳು, ಈ ಸಲವೂ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಕೋರ್ಟು ಎಂಬ ಮಾತು ಕಿವಿಗೆ ಬಿದ್ದದ್ದೇ ಶಿವರುದ್ರಪ್ಪನ ಮುಖ ಸಣ್ಣದಾಯಿತು. ಕಾಲು ಮುರಿದ ಹುಡುಗನ ಕತೆಯನ್ನೇ ಕಂಪನಿ ಹೇಗೋ ಮುಚ್ಚಿಹಾಕಿತ್ತು. ಸೈಟಿನಲ್ಲಿ ನಿಂತ ಇನ್ನೊಂದು ಮಗುವಿನ ಫೋಟೋ, ಅದೂ ತನ್ನ ಫೋನಿನದು, ಕೋರ್ಟಿನ ಮೇಜಿಗೆ ಹೋದರೆ! ಹೆಬ್ಬೆರಳಿನಿಂದ ಎರಡು ಸಲ ಒತ್ತಿ, ಫೋನನ್ನು ಅವಳ ಮುಖಕ್ಕೆ ಹಿಡಿದ.

"ನೋಡು. ಡಿಲೀಟ್. ಇಲ್ಲಿ ಯಾವ ಹುಡುಗಿನೂ ಇರ್ಲಿಲ್ಲ. ನಾಳಿಂದ ನೀನೂ ಇರಂಗಿಲ್ಲ. ನಡಿ, ಹೊರಗ ಬೀಳು."

ಯಂಕವ್ವ ಸುತ್ತಲೂ ನೋಡಿದಳು. ಹತ್ತಿಪ್ಪತ್ತು ಆಳುಗಳು ಕಂಡಿದ್ದರು. ಅವರಲ್ಲಿ ಯಾರಾದರೂ ಹೌದು ಅಂದಾರೇ? ಅನ್ನುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಬಗ್ಗಿ ಮಗಳ ಕಾಲಿನ ಚಪ್ಪಲಿ ಕಳಚಿದಳು.

"ಬಾ. ನಡಿ."

"ಯವ್ವಾ, ಸಾಹೇಬ್ರು ಬೈತಾರ."

"ಬೈಲಿ. ಒತ್ತಿ ಕಾಲಿಡು."

ಮಾಂತು ಆಗಷ್ಟೇ ಕನ್ನಡಿಯಂತೆ ಸಮ ಮಾಡಿದ್ದ ಹಸಿ ನೆಲದ ಮೇಲೆ, ಕೈ ಹಿಡಿದು ಮಗಳನ್ನು ನಡೆಸಿಕೊಂಡು ಹೋದಳು. ಈ ತುದಿಯಿಂದ ಆ ತುದಿಗೆ ಪುಟ್ಟ ಹೆಜ್ಜೆಗಳು, ಮಗ್ಗುಲಲ್ಲೇ ಅವಳ ಒಡೆದ ಹಿಮ್ಮಡದ ಹೆಜ್ಜೆಗಳು. ಆ ತುದಿಯಲ್ಲಿ ತಿರುಗಿ ನಿಂತು ಚೀರಿದಳು: "ಅಳಸಪ್ಪಾ ಈಗ! ಒತ್ತಿ ಅಳಸು ನೋಡೂಣು!"

ಶಿವರುದ್ರಪ್ಪ ಅವಳತ್ತ ತಿರುಗಲೂ ಇಲ್ಲ. "ಏ ಮಾಂತ್ಯಾ, ಒಣಗೂದ್ರಾಗ ಬಳಿ" ಎಂದ.

ಮಾಂತು ಗೋಣು ಎತ್ತದೆ ತುದಿಗಾಲಲ್ಲಿ ಕುಳಿತ. ಥಾಪಿ ಸರಿಸುತ್ತ, ಹಿಂದಕ್ಕೆ ಹಿಂದಕ್ಕೆ ಜರುಗುತ್ತ ಒಂದೊಂದೇ ಹೆಜ್ಜೆ ಮುಚ್ಚಿಕೊಂಡು ಬಂದ. ಸಿಮೆಂಟು ಕಚ್ಚಿ ಉರಿಯುತ್ತಿದ್ದ ಕಾಲುಗಳನ್ನು ಶೀತಲ ಒಂದಕ್ಕೊಂದು ತಿಕ್ಕುತ್ತ ನಿಂತು ನೋಡುತ್ತಿದ್ದಳು. ಅವಳ ಹತ್ತಿರದ ಕೊನೆಯ ಹೆಜ್ಜೆಗೆ ಬಂದಾಗ ಮಾಂತುವಿನ ಕೈ ನಿಂತಿತು.

"ಬಳಿಯಲೇ ಮಗನ!"

ಮಾಂತು ಬಳಿದ.