ಗುಡಿಸಿ ಹಾಕಿದ ಧ್ವನಿ

"ಅಪ್ಪಾ, ಇದ್ರಲ್ಲಿದ್ದ ಅಮ್ಮನ ರೆಕಾರ್ಡಿಂಗ್ ಎಲ್ಲಿ?"

ಗಡಿಯಾರ ರಿಪೇರಿಯವನು ಕಂಪ್ಯೂಟರಿನ ಹಿಂಬದಿಯ ಧೂಳು ಒರೆಸುತ್ತಿದ್ದ. ಬೆಳಗಿನಿಂದ ಅವನಿಗೆ ತನ್ನ ಬಗ್ಗೆ ತನಗೇ ಮೆಚ್ಚುಗೆ. ಜಾಗ ಸಾಲದು, ಜಾಗ ಸಾಲದು ಎಂದು ಗೋಳಿಡುತ್ತಿದ್ದ ಯಂತ್ರವನ್ನು ಅವನೇ ದಾರಿಗೆ ತಂದಿದ್ದ. ಬಿಚ್ಚಿದ ಗಡಿಯಾರವನ್ನು ಕೊಳೆ ತೆಗೆಯದೆ ಮುಚ್ಚುವ ಆಸಾಮಿಯಲ್ಲ ಅವನು. ತಾತ್ಕಾಲಿಕ ಫೈಲುಗಳು ರಾಶಿ ಬಿದ್ದಿರುವುದು ಕಂಡದ್ದೇ ತಡ, ಒಂದೇ ಏಟಿಗೆ ಅಳಿಸಿ ಹಾಕಿದ್ದ.

"ಅದನ್ನ್ಯಾಕೆ ಮುಟ್ಲಿ? ಬರೀ ಟೆಂಪರರಿ ಕಸ ತೆಗ್ದೆ. ನೋಡು, ಹೇಗೆ ಓಡ್ತಿದೆ!"

ಮಗಳು ರೆಕಾರ್ಡಿಂಗ್ ಪ್ರೋಗ್ರಾಮನ್ನು ಮುಚ್ಚಿ ಮತ್ತೆ ತೆರೆದಳು. ಪರದೆ ಬೋಳಾಗಿತ್ತು.

ಅವನ ಹೆಂಡತಿ ರೈಲು ನಿಲ್ದಾಣದಲ್ಲಿ ಗಾಡಿಗಳ ಸಮಯ ಸಾರುತ್ತಿದ್ದವಳು. ಗಂಟಲಲ್ಲಿ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದ ಮೇಲೆ, ಹೊರಗಿನ ಸದ್ದು ಬಾರದಂತೆ ಕಿಟಕಿಗೆ ರಜಾಯಿ ಕಟ್ಟಿ, ಮೈಕಿನ ಮುಂದೆ ಕೂತು ದಿನಾ ವಾಕ್ಯಗಳನ್ನು ಓದಿದ್ದಳು. ಮುಂದೆ ಅವಳು ಟೈಪ್ ಮಾಡಿದ್ದನ್ನು ಯಂತ್ರ ಅವಳದೇ ಧ್ವನಿಯಲ್ಲಿ ಹೇಳಬೇಕಾದರೆ ಆ ಓದು ಬೇಕಿತ್ತು. ಆಪರೇಷನ್ ಮುಗಿದಿತ್ತು. ಇವತ್ತು ಅವಳು ಮನೆಗೆ ಬರುವವಳು. ಅವಳು ಬರುವಷ್ಟರಲ್ಲಿ ಕಂಪ್ಯೂಟರು ಚುರುಕಾಗಿರಲಿ ಎಂದೇ ಇವನು ಕೈ ಹಾಕಿದ್ದು.

"ಅಮ್ಮ ಸೇವ್ ಮಾಡೇ ಇಲ್ಲಪ್ಪಾ." ಮಗಳು ಅವನತ್ತ ತಿರುಗಿದಳು. "ತೆರೆದಾಗೆಲ್ಲ ಹಿಂದಿಂದು ತಾನಾಗೇ ಬರ್ತಿತ್ತಲ್ಲ, ಉಳಿದಿದೆ ಅಂದ್ಕೊಂಡ್ಬಿಟ್ಟಿದ್ದಾಳೆ. ಎಲ್ಲಾ ಆ ಟೆಂಪರರಿ ಜಾಗದಲ್ಲೇ ಇತ್ತು."

ಒರೆಸುವ ಬಟ್ಟೆ ಅವನ ಕೈಯಲ್ಲೇ ಉಳಿಯಿತು.

"ವಾಪಸ್ ತರ್ಸೋಕಾಗಲ್ವಾ? ಗೊತ್ತಿರೋರು ಯಾರಾದ್ರೂ ಇರ್ತಾರಲ್ಲಮ್ಮಾ!"

ಮಗಳು ಗೊತ್ತಿದ್ದವರಿಗೆಲ್ಲ ಫೋನು ಮಾಡಿದಳು. ಅವರು ಹೇಳಿದ್ದನ್ನೆಲ್ಲ ಒತ್ತಿ ನೋಡಿದಳು. ಕೊನೆಗೆ ಫೋನನ್ನು ಮೇಜಿನ ಮೇಲಿಟ್ಟು ಆಗಲ್ಲವೆಂದು ತಲೆಯಾಡಿಸಿದಳು.

"ನಿನ್ನ ಫೋನಲ್ಲಿ ಅವಳು ಮಾತಾಡಿದ್ದು?"

"ಆ ಚೂರುಪಾರು ಸಾಲಲ್ಲಪ್ಪಾ."

ಹೊರಗೆ ಕಾರು ನಿಂತ ಸದ್ದಾಯಿತು. ಹೆಂಡತಿ ತನ್ನ ತಮ್ಮನ ಕೈ ಹಿಡಿದುಕೊಂಡು ಒಳಗೆ ಬಂದಳು. ಕುತ್ತಿಗೆಗೆ ಬ್ಯಾಂಡೇಜು, ಕಣ್ಣಲ್ಲಿ ಮನೆ ಸೇರಿದ ಹಿಗ್ಗು. ಹಾಸಿಗೆಯತ್ತಲೂ ನೋಡದೆ ನೇರ ಬಂದು ಕಂಪ್ಯೂಟರಿನ ಮುಂದೆ ಕೂತಳು. ಖಾಲಿ ಪರದೆ ನೋಡಿದಳು, ಮಗಳನ್ನು ನೋಡಿದಳು. ಮಗಳು ತಲೆ ತಗ್ಗಿಸಿದಳು.

"ನಾನೇ ಅಳಿಸ್ಬಿಟ್ಟೆ ಕಣೇ," ಎಂದ ಅವನು. "ಕ್ಲೀನ್ ಮಾಡೋಕೆ ಹೋಗಿ... ಎಲ್ಲಾ ಹೋಯ್ತು. ಒಂದೂ ಉಳಿದಿಲ್ಲ."

ಅವಳು ತಟ್ಟನೆ ಎದ್ದಳು, ಬಾಯಿ ತೆರೆದಳು. ತುಟಿಗಳು ಪಟಪಟ ಆಡಿದವು, ಬೆರಳು ಅವನ ಎದೆಯನ್ನು ಮತ್ತೆ ಮತ್ತೆ ಚುಚ್ಚಿತು. ಕುತ್ತಿಗೆಯ ಬ್ಯಾಂಡೇಜಿನ ನಡುವಿನ ತೂತಿನಿಂದ ಬರೀ ಉಸಿರು ಬುಸುಗುಟ್ಟಿತು.

"ಅಮ್ಮಾ, ಏನು? ಇದರಲ್ಲಿ ಬರಿ," ಎಂದು ಮಗಳು ಗಾಬರಿಯಿಂದ ಕಾಗದ, ಪೆನ್ನು ಚಾಚಿದಳು.

"ಬೇಡ ಬಿಡು," ಎಂದ ಅವನು. "ನಂಗೆ ಕೇಳಿಸ್ತಿದೆ."

ಅವಳು ಇನ್ನೂ ಬೈಯುತ್ತಲೇ ಇದ್ದಳು.