ಮಲಗಿದ ಆನೆಯ ಬೆವರು

"ಮಲಗಿದ ಆನೆಗೆ ಹೊಟ್ಟೆ ಯಾವ ಕಡೆ ಇಳಿಯುತ್ತೆ?"

ಕೇಕಕ್ಕ ಯಾರನ್ನೂ ಕೇಳಿದ್ದಲ್ಲ. ಕೈಯಲ್ಲಿ ಗರಗಸದ ಹಲ್ಲಿನ ಚಾಕು, ಮುಂದೆ ಮೇಜಿನ ಮೇಲೆ ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡಿದ ಕೇಕಿನ ದಿಮ್ಮಿ. ನಾಳೆ ಸಂಜೆಯೊಳಗೆ ಅದು ಮರಿಯಾನೆಯಾಗಬೇಕು. ಕೆಲಸ ಮಾಡುವಾಗ ಹೀಗೆ ಗೋಡೆಯನ್ನೋ ಗಾಳಿಯನ್ನೋ ಕೇಳುವುದು ಅವಳ ಅಭ್ಯಾಸ. ಗೋಡೆ ಇದುವರೆಗೆ ಉತ್ತರ ಕೊಟ್ಟಿರಲಿಲ್ಲ.

"ಹೊಟ್ಟೆ ಯಾವತ್ತಾದರೂ ಮೇಲಕ್ಕೆ ಇಳಿಯುತ್ತಾ? ನೆಲದ ಕಡೆಗೆ."

ಚಾಕು ಹಿಡಿದ ಕೈ ಹಾಗೇ ನಿಂತಿತು. ಮಾತು ಬಂದದ್ದು ಕಿಟಕಿಯ ಪಕ್ಕದ ಕುರ್ಚಿಯಿಂದ. ಅಲ್ಲಿ ಕೂತಿದ್ದವನು ಅವಳ ಅಪ್ಪ.

ಅಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಡ್ರೈವರನಿಗಷ್ಟೇ ಅಲ್ಲ, ಮುಂದೆ ಹೋಗುವ ಬಸ್ಸಿನವರಿಗೂ ಕೇಳಬೇಕು, ಅಂಥ ಗಂಟಲು. ಅಮ್ಮ ಹೋದ ಮೇಲೆ ಆ ಗಂಟಲಿಗೆ ಯಾರೋ ಬೀಗ ಜಡಿದ ಹಾಗಾಗಿತ್ತು. ಮಗಳ ಮನೆಗೆ ಬಂದು ಈ ಕುರ್ಚಿಯಲ್ಲಿ ಕೂತರೆ ಕೂತ. ಎರಡೂ ಅಂಗೈ ಮೇಲುಮುಖವಾಗಿ ತೊಡೆಯ ಮೇಲಿರುತ್ತಿದ್ದವು, ಇದನ್ನು ಸ್ವಲ್ಪ ಹಿಡಿದುಕೊಂಡಿರಿ ಎಂದು ಯಾರೋ ಏನನ್ನೋ ಕೊಟ್ಟು, ಆಮೇಲೆ ಮೆಲ್ಲಗೆ ಅದನ್ನು ಎತ್ತಿಕೊಂಡು ಹೋದ ಹಾಗೆ. ಊಟಕ್ಕೆ ಕರೆದರೆ ಹೂಂ. ನೀರು ಬೇಕಾ ಎಂದರೆ ಉಹೂಂ. ಅಲ್ಲಿಗೆ ದಿನದ ಮಾತು ಮುಗಿಯಿತು.

ಅಮ್ಮನದು ದೀರ್ಘ ಕಾಯಿಲೆ. ದಿನಾ ಇಳಿಹೊತ್ತಿಗೆ ಜ್ವರ ಏರುವುದು, ಇಳಿಯುವಾಗ ಮೈಯೆಲ್ಲ ಬೆವರು. "ಬೆವರು ಮೈಮೇಲೇ ಆರೋದಕ್ಕೆ ಬಿಡಬೇಡಿ, ಗಾಳಿಗೂ ಮಲಗಿಸಬೇಡಿ, ಚಳಿ ಹಿಡಿಯುತ್ತೆ" ಎಂದು ಮನೆಗೆ ಬರುತ್ತಿದ್ದ ನರ್ಸ್ ಹೇಳಿದ ಮಾತನ್ನು ಅಪ್ಪ ಮಂತ್ರದ ಹಾಗೆ ಹಿಡಿದುಕೊಂಡ. ಹೆಗಲ ಮೇಲೆ ಸದಾ ಒಂದು ಮೆತ್ತನೆಯ ಟವೆಲ್. ಹಣೆ, ಕತ್ತು, ಕಿವಿಯ ಹಿಂದೆ, ಹೀಗೆ ಒರೆಸುತ್ತ ಒರೆಸುತ್ತ ಪದ್ಯ ಹೇಳುವುದು. ಹಳೆಯ ಪದ್ಯಗಳೆಂದರೆ ಅಮ್ಮನಿಗೆ ಪ್ರಾಣ. ಅಪ್ಪ ಮೂರು ಸಾಲು ಹೇಳಿ ನಿಲ್ಲಿಸಬೇಕು, ನಾಲ್ಕನೆಯದನ್ನು ಅಮ್ಮ ಮುಗಿಸಬೇಕು. ಮದುವೆಯಾದ ಹೊಸದರಿಂದ ಅದು ಅವರಿಬ್ಬರ ಒಪ್ಪಂದ. ಕೊನೆಕೊನೆಗೆ ಅಮ್ಮನ ಸಾಲಿಗೆ ದನಿಯಿರಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ಆ ತುಟಿ ನಿಲ್ಲುವ ತನಕ ಕಾದು ಅಪ್ಪ ಮುಂದಿನ ಪದ್ಯಕ್ಕೆ ಹೋಗುತ್ತಿದ್ದ. ಆಸ್ಪತ್ರೆಗೆ ಸೇರಿಸಿದ ಮೇಲೆ ಅವನನ್ನು ಗಾಜಿನ ಬಾಗಿಲಿನ ಆಚೆ ನಿಲ್ಲಿಸಿದರು. ಒಳಗೆ ಎಲ್ಲವನ್ನೂ ಯಂತ್ರಗಳೇ ನೋಡಿಕೊಳ್ಳುತ್ತಿದ್ದವು. ಬೆವರೊಂದನ್ನು ಬಿಟ್ಟು, ಎಂದು ಅಪ್ಪ ಆಮೇಲೊಮ್ಮೆ ಹೇಳಿದ್ದ. ಆಮೇಲೆ ಅದನ್ನೂ ಹೇಳಲಿಲ್ಲ.

ಅಂಥ ಅಪ್ಪನ ಬಾಯಿಂದ ಈಗ ಆನೆಯ ಹೊಟ್ಟೆ ಬಂದಿತ್ತು.

ಕೇಕಕ್ಕ ತಿರುಗಿ ನೋಡಲಿಲ್ಲ. ಕಿಟಕಿಯಲ್ಲಿ ಹಕ್ಕಿ ಬಂದು ಕೂತಾಗ ಮನೆಯವರು ಅಲುಗಾಡದೆ ಇರುತ್ತಾರಲ್ಲ, ಹಾಗೆ ನಿಂತಳು. ಆ ಅಂಗೈಗಳು ಮತ್ತೆ ಏನಾದರೊಂದು ಕೆಲಸ ಹಿಡಿಯಬೇಕು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಪ್ರಾರ್ಥನೆಗೆ ಕೂತಾಗ ಬೇರೇನನ್ನೂ ಕೇಳುವುದನ್ನೇ ಅವಳು ಬಿಟ್ಟಿದ್ದಳು.

"ಸೊಂಡಿಲು?" ಎಂದಳು, ಮತ್ತೆ ಗೋಡೆಗೆ ಹೇಳುವವಳಂತೆ.

"ಬಾಯಿ ಹತ್ತಿರ ಸುತ್ತಿಕೊಂಡಿರಲಿ. ಮಗು ಹೆಬ್ಬೆರಳು ಚೀಪೋ ಹಾಗೆ."

"ಆನೆ ಮಲಗಿದ್ದು ನೀನು ಯಾವಾಗ ನೋಡಿದ್ದೆ?"

"ನಿನ್ನ ಗಂಡ ಮಲಗಿದ್ದು ನೋಡಿದೀನಲ್ಲ."

ಅವಳಿಗೆ ನಗು ಒತ್ತರಿಸಿ ಬಂತು. ನಗುತ್ತಲೇ ಹೊಟ್ಟೆಯನ್ನು ನೆಲದ ಕಡೆಗೆ ಇಳಿಸಿದಳು, ಬೆನ್ನನ್ನು ದುಂಡಗೆ ಕೆತ್ತಿದಳು, ಅಗಲ ಹಣೆಯೊಂದು ಹೊರಗೆ ಬಂತು. ಕೆತ್ತಿ ಬಿದ್ದ ಚೂರುಗಳನ್ನು ತಟ್ಟೆಯಲ್ಲಿ ಹಾಕಿ ಅಪ್ಪನ ಮುಂದಿಟ್ಟಳು. ಅಪ್ಪ ಒಂದು ಚೂರು ಬಾಯಿಗೆ ಹಾಕಿಕೊಂಡ, ಬೇಡವೆನ್ನದೆ.

ಓಣಿಯವರೆಲ್ಲ ಅವಳನ್ನು ಕೇಕಕ್ಕ ಎಂದೇ ಕರೆಯುವುದು. ಬೂಟು ಬೇಕೆಂದವರಿಗೆ ಬೂಟಿನಂಥ ಕೇಕು, ಕ್ಯಾಮೆರಾ ಬೇಕೆಂದವರಿಗೆ ಕ್ಯಾಮೆರಾದಂಥದ್ದು. ಒಮ್ಮೆ ಹಲ್ಲಿನ ಡಾಕ್ಟರೊಬ್ಬರು ದವಡೆಹಲ್ಲು ಮಾಡಿಸಿಕೊಂಡು ಹೋಗಿ, ಅದರೊಳಗೆ ಹುಳುಕನ್ನೂ ತೋರಿಸಬೇಕಿತ್ತು ಎಂದು ಫೋನು ಮಾಡಿದ್ದರು. ಈ ಸಲ ಔಷಧದಂಗಡಿಯಾಕೆಯ ಮಗಳಿಗೆ ವರ್ಷ ತುಂಬುತ್ತಿತ್ತು. ಮಗು ಬಟ್ಟೆಯ ಆನೆಯೊಂದನ್ನು ತಬ್ಬಿಕೊಂಡೇ ನಿದ್ದೆ ಮಾಡುತ್ತದಂತೆ. ಅದೇ ಆನೆ ಬೇಕು, ಮಲಗಿರಬೇಕು, ಕಣ್ಣು ಮುಚ್ಚಿರಬೇಕು.

ಕೆತ್ತಿದ ಮೈಗೆ ಕ್ರೀಮು ಸವರಿ ಫ್ರಿಜ್ಜಿಗೆ ಸೇರಿಸಿದ ಮೇಲೆ ಫಾಂಡೆಂಟಿನ ಸರದಿ. ಫಾಂಡೆಂಟ್ ಎಂದರೆ ಸಕ್ಕರೆಯ ಕಣಕ. ಚೆನ್ನಾಗಿ ನಾದಿ, ಹಾಳೆಯ ಹಾಗೆ ಲಟ್ಟಿಸಿ, ಕೇಕಿನ ಮೇಲೆ ಹೊದಿಸಿ ಅಂಗೈಯಿಂದ ಸವರಿದರೆ ಚರ್ಮದಂತೆ ಕೂರುತ್ತದೆ. ನಾದುವುದರಲ್ಲಿ ಸೋಮಾರಿತನ ಮಾಡಿದರೆ ಸೀಳು ಬಿಡುತ್ತದೆ. ಕೇಕಕ್ಕ ದೊಡ್ಡದೊಂದು ಬಿಳಿ ಉಂಡೆಗೆ ಕಪ್ಪು ಬಣ್ಣ ಒಂದಿಷ್ಟು ತಾಗಿಸಿ, ಹಲಗೆಯ ಸಮೇತ ಅಪ್ಪನ ಮುಂದೆ ತಂದಿಟ್ಟಳು.

"ಇದನ್ನ ಬೂದು ಮಾಡಿಕೊಡಪ್ಪ. ನನ್ನ ರಟ್ಟೆ ಬಿದ್ದುಹೋಗಿದೆ."

ಅಪ್ಪ ಬೆರಳಿನಿಂದ ಒತ್ತಿ ನೋಡಿದ. "ಇದೇನಮ್ಮ, ಕಲ್ಲು."

"ನಾದಿದ್ರೆ ಬೆಣ್ಣೆ."

ಅಪ್ಪ ನಾದಲು ಕೂತ. ಮೊದಲು ಒಂದು ಕೈ, ಆಮೇಲೆ ಎರಡೂ. ಕಪ್ಪು ಗೆರೆಗಳು ಬಿಳಿಯೊಳಗೆ ಸುತ್ತಿ ಸುತ್ತಿ ಕರಗಿದವು. ಅಷ್ಟರಲ್ಲಿ ಕೆಲಸದಿಂದ ಬಂದ ಅವಳ ಗಂಡ ಬಾಗಿಲಲ್ಲೇ ನಿಂತು ಕಣ್ಣರಳಿಸಿದ. ಅವನು ಎಲೆಕ್ಟ್ರಿಷಿಯನ್, ಆಳು ದಪ್ಪ, ಬಾಯಿ ಅದಕ್ಕಿಂತ ದೊಡ್ಡದು.

"ಏನು ಮಾವ, ಕೆಲಸಕ್ಕೆ ಸೇರಿಕೊಂಡ್ರಾ? ಸಂಬಳ ಮಾತಾಡಿಕೊಂಡ್ರೋ ಇಲ್ವೋ?"

"ಸಂಬಳ ಕೊಡೋರು ಚಿಲ್ಲರೆ ಸರಿಯಾಗಿ ಇಟ್ಕೊಂಡು ಬರಬೇಕು ಅಳಿಯಂದಿರೇ. ನೋಟು ತೋರಿಸಿದ್ರೆ ಇಳಿಸಿಬಿಡ್ತೀನಿ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅವನು ಇನ್ನೊಂದು ಮಾತಾಡಲು ಬಾಯಿ ತೆರೆದಾಗ ಅವಳು ಕಣ್ಣಲ್ಲೇ ತಡೆದಳು, ಏಕೆಂದರೆ ಕುರ್ಚಿಯ ಕಡೆಯಿಂದ ಸಣ್ಣಗೆ ಇನ್ನೊಂದು ದನಿ ಎದ್ದಿತ್ತು. ನಾದುವ ಕೈಯ ತಾಳಕ್ಕೆ ಅಪ್ಪ ಪದ್ಯ ಹೇಳುತ್ತಿದ್ದ. ಒಂದು ಸಾಲು, ಎರಡು, ಮೂರು. ಮೂರನೆಯದಾದ ಮೇಲೆ ದನಿ ನಿಂತಿತು, ಕೈಯೂ ನಿಂತಿತು. ಒಬ್ಬರು ತುಟಿಯಾಡಿಸುವಷ್ಟು ಹೊತ್ತು ಸುಮ್ಮನಿದ್ದು ಅಪ್ಪ ಮುಂದಿನ ಪದ್ಯಕ್ಕೆ ಹೋದ. ನಾಲ್ಕನೆಯ ಸಾಲು ಕೇಕಕ್ಕನಿಗೆ ಗೊತ್ತಿತ್ತು, ನಾಲಿಗೆಯ ತುದಿಯಲ್ಲೇ ಇತ್ತು. ಅದು ತನ್ನದಲ್ಲವೆಂದು ಅವಳು ನುಂಗಿಕೊಂಡಳು.

ಅಪ್ಪ ನಾದಿದ ಹಾಳೆ ಆನೆಯ ಮೈಗೆ ಒಂದೂ ಸುಕ್ಕಿಲ್ಲದೆ ಕೂತಿತು. ಕಿವಿ ಹಚ್ಚಿ, ಕಾಲಿನ ಉಗುರು ಒತ್ತಿ, ಮುಚ್ಚಿದ ರೆಪ್ಪೆಯ ಗೆರೆಯನ್ನು ಕೂದಲೆಳೆಯ ಕುಂಚದಲ್ಲಿ ಬರೆದು, ಅವಳು ಅದನ್ನು ಮತ್ತೆ ಫ್ರಿಜ್ಜಿನಲ್ಲಿಟ್ಟಳು.

"ನಿದ್ದೆ ಬಂತು ನೋಡು ಅದಕ್ಕೆ" ಎಂದ ಅಪ್ಪ.

ಮರುದಿನ ಮಧ್ಯಾಹ್ನ ಆನೆಯನ್ನು ಹೊರಗೆ ತೆಗೆದಾಗ ಹೊಸ ತಾಪತ್ರಯ. ತಂದಿಟ್ಟಿದ್ದ ಡಬ್ಬಿಯೊಳಗೆ ಸೊಂಡಿಲು ಹಿಡಿಸಲಿಲ್ಲ. ಕೇಕಕ್ಕ ಆನೆಯನ್ನು ಮೇಜಿನ ಮೇಲೆ ಬಿಟ್ಟು, ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ, ಚಪ್ಪಲಿ ಮೆಟ್ಟಿಕೊಂಡಳು.

"ದೊಡ್ಡ ಡಬ್ಬಿ ತಂದುಬಿಡ್ತೀನಿ. ನೊಣಗಿಣ ಕೂತೀತು, ನೋಡ್ತಿರಪ್ಪ."

"ನೀನು ಹೋಗಿ ಬಾ."

ಫ್ರಿಜ್ಜಿನಿಂದ ತೆಗೆದ ಫಾಂಡೆಂಟು ಬೆವರುತ್ತದೆ. ಹೊರಗಿನ ತೇವ ಅದರ ತಣ್ಣನೆಯ ಮೈಗೆ ತಗುಲಿ ಹನಿಗಟ್ಟುತ್ತದೆ. ಆಗ ಅದನ್ನು ಮುಟ್ಟಬಾರದು, ಒರೆಸಲೇಬಾರದು. ಫ್ಯಾನಿನ ಗಾಳಿಗೆ ತಾನಾಗಿ ಆರಬೇಕು, ಆರಿದರೆ ಗುರುತೂ ಉಳಿಯುವುದಿಲ್ಲ. ಕೇಕಕ್ಕನಿಗೆ ಇದು ಎಷ್ಟು ಗೊತ್ತಿತ್ತೆಂದರೆ, ಹೇಳಬೇಕಾದ ಸಂಗತಿ ಎಂದೇ ಅನಿಸಿರಲಿಲ್ಲ. ಹೇಳದೆ ಹೋಗಿದ್ದಳು.

ಡಬ್ಬಿ ಹಿಡಿದು ಮೆಟ್ಟಿಲು ಹತ್ತುವಾಗ ಮೇಲಿನಿಂದ ಅಪ್ಪನ ಪದ್ಯ ಕೇಳಿಸಿತು. ಅವಳು ಮೆಟ್ಟಿಲಲ್ಲೇ ನಿಂತಳು. ಒಂದು, ಎರಡು, ಮೂರು. ಮತ್ತೆ ಮೌನ. ಆಮೇಲೆ, ಬಹಳ ಮೆಲ್ಲಗೆ, ನಾಲ್ಕನೆಯ ಸಾಲು. ಅಪ್ಪನೇ ಹೇಳಿದ. ಕೇಕಕ್ಕನ ಕಣ್ಣು ತುಂಬಿ ಬಂತು. ದೇವರಿಗೆ ಕೇಳಿಸಿತು ಎಂದುಕೊಂಡು, ಮೊಣಕೈಯಿಂದ ಬಾಗಿಲು ತಳ್ಳಿದಳು.

ಫ್ಯಾನು ನಿಂತಿತ್ತು. ಅಪ್ಪ ಮೇಜಿನ ಮುಂದೆ ಬಾಗಿ ನಿಂತು, ಆನೆಯ ಕಿವಿಯ ಹಿಂದೆ ಟವೆಲ್ಲಿನ ಅಂಚನ್ನು ಒತ್ತಿ ಒತ್ತಿ ತೆಗೆಯುತ್ತಿದ್ದ. ಹಣೆಯ ಬೂದು ಬಣ್ಣ ಕದಡಿ ಅಂಟಂಟಾಗಿ, ಬೆರಳಿನ ಗುರುತು, ಬಟ್ಟೆಯ ನೇಯ್ಗೆಯ ಗುರುತು ಎಲ್ಲ ಅದರೊಳಗೆ ಇಳಿದಿದ್ದವು. ರೆಪ್ಪೆಯ ಕಪ್ಪು ಗೆರೆ ಕೆನ್ನೆಯುದ್ದಕ್ಕೂ ಹರಿದಿತ್ತು. ಸೊಂಡಿಲು ಬುಡದಲ್ಲಿ ಬಾಯಿಬಿಟ್ಟಿತ್ತು.

ಅಪ್ಪ ತಲೆಯೆತ್ತಿ ಅವಳನ್ನು ನೋಡಿದ. ಅವನ ಮುಖದಲ್ಲಿ ಎಷ್ಟೋ ಕಾಲದಿಂದ ಕಾಣದ ನೆಮ್ಮದಿಯಿತ್ತು.

"ಮೈ ಪೂರ್ತಿ ಬೆವೆತುಬಿಟ್ಟಿತ್ತು ಕಣಮ್ಮ. ಗಾಳಿ ಬೇರೆ. ಒರೆಸ್ತಾ ಇದೀನಿ. ಈಗ ಪರವಾಗಿಲ್ಲ."

ಡಬ್ಬಿ ಕೈಯಲ್ಲೇ ಇತ್ತು. ಅವಳ ಬಾಯಿಂದ ಮಾತು ಜಾರಿಬಿಟ್ಟಿತು.

"ಅದು ಅಮ್ಮ ಅಲ್ಲ ಅಪ್ಪ. ಕೇಕು ಅದು."

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು, ಆದರೆ ಮಾತು ಆಗಲೇ ತಲುಪಬೇಕಾದಲ್ಲಿಗೆ ತಲುಪಿತ್ತು. ಅಪ್ಪ ಆನೆಯನ್ನು ನೋಡಿದ. ಬೂದು ಬಣ್ಣ ಹತ್ತಿದ ಟವೆಲ್ಲನ್ನು ನೋಡಿದ. ಮುಖದ ನೆಮ್ಮದಿ ಒಮ್ಮೆಲೇ ಹೋಗಲಿಲ್ಲ, ಬಸ್ಸಿನಿಂದ ಜನ ಇಳಿಯುವ ಹಾಗೆ ಒಂದೊಂದಾಗಿ ಇಳಿದು ಹೋಯಿತು.

"ಕೇಕು ಅಂತ ಗೊತ್ತು" ಎಂದ. "ಗೊತ್ತಿಲ್ಲದೆ ಏನು. ಬೆವರು ಕಂಡ್ರೆ ಕೈ ಸುಮ್ನಿರಲ್ಲ, ಅಷ್ಟೇ."

ಟವೆಲ್ಲನ್ನು ಮಡಿಸಿದ, ಮತ್ತೂ ಮಡಿಸಿದ, ಇನ್ನು ಮಡಿಸಲಾಗದಷ್ಟು ಚಿಕ್ಕದು ಮಾಡಿ ಜೇಬಿನಲ್ಲಿ ತುರುಕಿಕೊಂಡು ಕುರ್ಚಿಗೆ ಹೋದ.

ಕೇಕಕ್ಕನಿಗೆ ಅಳುವುದಕ್ಕೆ ಪುರುಸೊತ್ತಿರಲಿಲ್ಲ. ಆನೆಯ ತಲೆಯ ಹಾಳೆಯನ್ನು ಕತ್ತಿನವರೆಗೆ ಸುಲಿದಳು. ಹೊಸ ಉಂಡೆ ತೆಗೆದು ತಾನೇ ನಾದಿದಳು, ಬೂದು ನಿನ್ನೆಯ ಬೂದಿಗೆ ಹೊಂದಲಿಲ್ಲ, ಮತ್ತೆ ಬಣ್ಣ ಹಾಕಿ ಮತ್ತೆ ನಾದಿದಳು. ಕೇಕಿನ ಪುಡಿಗೆ ಕ್ರೀಮು ಕಲಸಿ ಸೊಂಡಿಲು ಕಟ್ಟಿದಳು. ಹಳೆಯ ಚರ್ಮ, ಹೊಸ ಚರ್ಮ ಕೂಡುವಲ್ಲಿ ಕಾಣದಿರಲೆಂದು ಕತ್ತಿನವರೆಗೆ ಸಕ್ಕರೆ ಕಣಕದ್ದೇ ಹಳದಿ ಕಂಬಳಿಯೊಂದನ್ನು ಹೊದಿಸಿದಳು. ನಡುನಡುವೆ ಮಾತಾಡಿಸಿದಳು.

"ತಪ್ಪು ನಂದೇ ಅಪ್ಪ. ಬೆವರುತ್ತೆ, ಬಿಟ್ಟುಬಿಡು ಅಂತ ನಾನು ಹೇಳಬೇಕಿತ್ತು."

"ಹೂಂ."

"ಸರಿ ಮಾಡಬಹುದು. ಮಾಡ್ತಾ ಇದೀನಿ ನೋಡು."

"ಹೂಂ."

ಆ ಹಳೆಯ ಹೂಂ. ಅಪ್ಪನ ಅಂಗೈಗಳು ಈಗ ತೊಡೆಯ ಮೇಲೂ ಇರಲಿಲ್ಲ. ಕೈಕಟ್ಟಿ, ಬೆರಳುಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಕೂತಿದ್ದ, ಏನನ್ನೋ ಮುಟ್ಟಿ ಬೈಸಿಕೊಂಡ ಹುಡುಗನ ಹಾಗೆ.

ಗಂಡ ಬಂದವನು ಆನೆಯನ್ನು ನೋಡಿ, "ಇದೇನೇ, ಕಂಬಳಿ ಹೊದಿಸಿದೀಯ? ಜ್ವರನಾ?" ಎಂದ. ಯಾರೂ ನಗಲಿಲ್ಲ. ಹೆಂಡತಿಯ ಮುಖ ನೋಡಿ, ಮಾವನ ಕುರ್ಚಿ ನೋಡಿ, ಅವನು ವ್ಯಾನಿನ ಕೀಲಿ ತೆಗೆದುಕೊಂಡು ಬಾಗಿಲಲ್ಲಿ ನಿಂತ. ಆನೆ ಡಬ್ಬಿಯೊಳಗೆ ಸೇರಿತು. ನಿನ್ನೆಯ ಮುಖ ಬಂದಿರಲಿಲ್ಲ. ಮಲಗಿರುವುದೇನೋ ಹೌದು, ನಿದ್ದೆ ಬಂದಂತೆ ಕಾಣುತ್ತಿರಲಿಲ್ಲ. ಮಗುವಿಗೆ ಗೊತ್ತಾಗಲಿಕ್ಕಿಲ್ಲ ಎಂದು ಕೇಕಕ್ಕ ಸಮಾಧಾನ ಮಾಡಿಕೊಂಡಳು.

ವ್ಯಾನು ಹಳೆಯದು, ಹಿಂದೆಲ್ಲ ಏಣಿ, ತಂತಿಯ ಸುರುಳಿ. ಕೇಕನ್ನು ಯಾರಾದರೂ ತೊಡೆಯ ಮೇಲಿಟ್ಟುಕೊಂಡೇ ಹೋಗಬೇಕು. ಯಾವಾಗಲೂ ಅದು ಅವಳ ಕೆಲಸ. ಇವತ್ತು ಅವಳು ಡಬ್ಬಿಯನ್ನು ಎತ್ತಿಕೊಂಡು ಕುರ್ಚಿಯ ಮುಂದೆ ಬಂದಳು.

"ಅಪ್ಪ, ಏಳು. ನೀನು ಮುಂದಿನ ಸೀಟಲ್ಲಿ ಕೂತ್ಕೋ. ಇದನ್ನ ನೀನೇ ಹಿಡ್ಕೋಬೇಕು."

ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದ. "ನೀನೇ ಹಿಡ್ಕೊಂಡು ಹೋಗ್ತಿದ್ದೆಯಲ್ಲ."

"ನನ್ನ ಕೈ ನಡುಗ್ತಾ ಇದೆ ಇವತ್ತು. ಆ ನೂಕುನುಗ್ಗಲಲ್ಲಿ ಕಂಬಿ ಹಿಡಿಯದೆ ನಿಂತುಕೊಂಡು ಟಿಕೆಟ್ ಹರಿದವನು ನೀನು. ನಿನಗಿಂತ ಅಲುಗಾಡದೆ ಕೂರೋರು ಯಾರಿದಾರೆ?"

"ಬನ್ನಿ ಮಾವ" ಎಂದ ಅಳಿಯ ಬಾಗಿಲಿನಿಂದ. "ಕಂಡಕ್ಟರ್ ಇಲ್ಲದೆ ಗಾಡಿ ಬಿಡೋದು ಹೇಗೆ?"

ಅಪ್ಪ ಅಲುಗಲಿಲ್ಲ. ಕೇಕಕ್ಕ ಡಬ್ಬಿಯ ಸಮೇತ ಮಂಡಿಯೂರಿ ಕೂತಳು. ಅವಳ ದನಿ ಚಿಕ್ಕವಳಾಗಿದ್ದಾಗಿನ ದನಿಯಾಗಿತ್ತು.

"ನನಗೋಸ್ಕರ ಅಪ್ಪ. ಒಂದೇ ಸಲ. ಕೈ ಚಾಚು, ನಾನೇ ಇಡ್ತೀನಿ."

ಅಪ್ಪ ಅವಳ ಕಡೆ ತಿರುಗಿದ. ಕೋಪವಿರಲಿಲ್ಲ, ಮುನಿಸೂ ಇರಲಿಲ್ಲ. ಅವಳ ಕೆನ್ನೆಗೆ ಮೆತ್ತಿದ್ದ ಸಕ್ಕರೆಯ ಪುಡಿಯನ್ನು ಒಂದು ಕ್ಷಣ ನೋಡಿದ, ಒರೆಸಲಿಲ್ಲ.

"ಇಲ್ಲಮ್ಮ" ಎಂದ. "ನಾನು ಹಿಡ್ಕೊಳ್ಳಲ್ಲ. ಕೇಳಬೇಡ."