ಮೂರು ಕೋರ್ಸಿಗೆ ಒಬ್ಬಳೇ ಸೋಮಮ್ಮ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಮೊದಲು ಬೆಟ್ಟದಪುರದ ಬೆಟ್ಟದಿಂದ ಶುರು ಮಾಡಿದ್ದೆ. ಬೆಟ್ಟ ಹತ್ತುವಷ್ಟರಲ್ಲಿ ನನಗೇ ಆಕಳಿಕೆ ಬಂತು, ಹರಿದು ಹಾಕಿದೆ. (ಸುಳ್ಳು. ಡಿಲೀಟ್ ಮಾಡಿದೆ. ಹರಿದು ಹಾಕಿದೆ ಅಂದರೆ ದೊಡ್ಡ ಲೇಖಕ ಅನ್ನಿಸುತ್ತದೆ.) ಬೇಡ, ಜಗಳದಿಂದಲೇ ಶುರು ಮಾಡೋಣ.

"ನನ್ ಎಂಡ್ತಿಗೆ ಎಷ್ಟು ಜನ ಗಂಡಂದ್ರು ಕಣಮ್ಮ?"

ಕೇಳಿದವನು ಬೆಟ್ಟದಪುರದ ರೈತ ಕರಿಯಯ್ಯ. ಕೇಳಿಸಿಕೊಂಡವಳು ಪ್ರಮೀಳಾ, ಪಿರಿಯಾಪಟ್ಟಣದ ಕಂಪ್ಯೂಟರ್ ಸೆಂಟರೊಂದರಲ್ಲಿ ಕುಳಿತು ರೈತರಿಗೆ ಆನ್‌ಲೈನ್ ಪಾಠ ತಯಾರಿಸುವವಳು. ಇಸವಿ ೨೦೦೭.

೨

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. (ಜಗಳದಿಂದ ಶುರು ಮಾಡಿದವರ ಹಣೆಬರಹ ಇಷ್ಟೇ.)

ಪ್ರಮೀಳಾ ಪಾಠಗಳನ್ನು ಚಿಕ್ಕ ಚಿಕ್ಕ ತುಣುಕು ಮಾಡಿಡುತ್ತಾಳೆ. ಒಂದು ಸಲ ರೆಕಾರ್ಡ್ ಮಾಡಿದ ತುಣುಕು ಬೇಕಾದ ಕೋರ್ಸಿಗೆಲ್ಲ ಒದಗಬೇಕು. ಮೂಲದಲ್ಲಿ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದ ಹಾಗೆ. ಕರಿಯಯ್ಯನ ಹೆಂಡತಿ ಸೋಮಮ್ಮ ಹೊಗೆಸೊಪ್ಪಿನ ಕೋರ್ಸಿಗಾಗಿ, ಸಸಿಮಡಿಯ ಮಣ್ಣಿನ ಬಗ್ಗೆ ಹೀಗೆ ಹೇಳಿದ್ದಳು:

"ಮಣ್ಣ ಮುಷ್ಟೀಲಿ ಹಿಡಿದ್ರೆ ಉಂಡೆ ಆಗ್ಬೇಕು, ಬೆರಳಲ್ಲಿ ತಟ್ಟಿದ್ರೆ ಉದುರ್ಬೇಕು. ಇದ ನಂಗೆ ಕಲ್ಸಿದ್ದು ನಮ್ಮೋರು, ಇವ್ರೇ."

ಆ ಕ್ಷಣಕ್ಕೆ ಪರದೆಯ ಮೇಲೆ ಕರಿಯಯ್ಯನ ಫೋಟೋ. ಬಲು ಚೆಂದ. ಮಣ್ಣಿನ ಹದ ಮೆಣಸಿನಕಾಯಿ ಸಸಿಗೂ ಅದೇ, ಟೊಮೆಟೊಗೂ ಅದೇ ತಾನೆ? ಪ್ರಮೀಳಾ ಅದೇ ತುಣುಕನ್ನು ಆ ಎರಡು ಕೋರ್ಸಿಗೂ ಸೇರಿಸಿದಳು. ಅಲ್ಲಿ ಬರುವ ಫೋಟೋಗಳು ಬೇರೆ ರೈತರವು: ಮೆಣಸಿನಕಾಯಿಗೆ ಸರಗೂರಿನ ದೇವಯ್ಯ, ಟೊಮೆಟೊಗೆ ಕೊಪ್ಪದ ಚಾಮಯ್ಯ. ಸೋಮಮ್ಮನ ದನಿ ಮೂವರಿಗೂ ಭೇದವಿಲ್ಲದೆ "ನಮ್ಮೋರು, ಇವ್ರೇ" ಅಂದಿತು.

ಸರಗೂರಿಗೆ ಮದುವೆಯಾಗಿ ಹೋಗಿದ್ದ ಸೋಮಮ್ಮನ ಮಗಳು ಪುಟ್ಟಿ ಅದನ್ನು ನೋಡಿ, ನಗು ತಡೆಯಲಾರದೆ ಅಪ್ಪನಿಗೇ ಫೋನ್ ಮಾಡಿದಳು.

೩

"ಆ ಒಂದು ಮಾತನ್ನ ಕತ್ತರಿಸಿಬಿಡ್ತೀನಿ ಬಿಡಿ," ಎಂದಳು ಪ್ರಮೀಳಾ.

"ಕತ್ತರಿಸ್ಬುಟ್ರೆ ನಾನ್ ಕಲ್ಸಿದ್ದು ಅಂತ ಯಾರ್ಗ್ ಗೊತ್ತಾಯ್ತದೆ? ಅವ್ಳು ನನ್ ಎಸ್ರು ಏಳ್ಲಿ. ಇಲ್ಲಾಂದ್ರೆ ಅವಳ ಪಾಠ ಎಲ್ಲಾ ಕಡೆಯಿಂದ್ಲೂ ತಗೀರಿ."

ಗಂಡನ ಜೊತೆ ಸೆಂಟರಿಗೆ ಬಂದಿದ್ದ ಸೋಮಮ್ಮ ಬೆಚ್ಚಿದಳು. ಮದುವೆಯಾದಂದಿನಿಂದ ಗಂಡನ ಹೆಸರು ಅವಳ ಬಾಯಿಂದ ಬಂದಿಲ್ಲ. ರೇಷನ್ ಕಾರ್ಡ್ ಮಾಡಿಸುವಾಗಲೂ ಪಕ್ಕದ ಮನೆಯವಳ ಕೈಲಿ ಹೇಳಿಸಿದ್ದಳು. ಆದರೆ ಪಾಠ ತೆಗೆಸುವುದೆಂದರೆ? ಮುಖವನ್ನೇ ಕಾಣದ ಕೆ.ಆರ್. ನಗರದ ಹೆಂಗಸರು "ನಿಮ್ ಮಾತ್ ಕೇಳಿ ಮಡಿ ಮಾಡ್ದೋ ಕಣಕ್ಕಾ" ಎಂದು ಹೇಳಿಕಳಿಸಿದ್ದರು.

"ಒಲ, ಮನೆ ಎಲ್ಲಾ ನಿಮ್ಮೆಸ್ರಲ್ಲೇ ಇರ್ಲಿ ಬುಡಿ," ಎಂದಳು. "ಆ ದನಿ ಒಂದು ನಂದು."

೪

ಅಂತ್ಯ ಅ: ಸೋಮಮ್ಮ ತಲೆಯೆತ್ತಿ ಹೆಸರು ಹೇಳುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. (ಮಹಿಳಾ ದಿನಾಚರಣೆಯ ಭಾಷಣದಂತಿದೆ. ತೆಗೆದೆ.)

ಅಂತ್ಯ ಆ: ಕರಿಯಯ್ಯನ ಮನಸ್ಸು ಕರಗುತ್ತದೆ.

"ಲೋ ಬರೆಯೋನೇ, ಕರಗಕ್ಕೆ ನಾನೇನು ಬೆಲ್ಲವಾ?" ಎಂದು ಅವನು ನನ್ನ ಮೇಲೆಯೇ ತಿರುಗಿದ. ಅದನ್ನೂ ತೆಗೆದೆ.

ಅಂತ್ಯ ಇ: ಇದು ಸೋಮಮ್ಮನದೇ ಐಡಿಯಾ. "ನೀನು ಆಗ್ಲಿಂದ ಅವ್ರ್ ಎಸ್ರ ಸಾಲ್ ಸಾಲ್ಗೂ ಬರೀತಾ ಇದ್ದೀಯಲ್ಲಪ್ಪ. ಮೈಕ್ಗೆ ನೀನೇ ಒಂದ್ಸಲ ಏಳ್ಬುಡು. ಪ್ರಮೀಳವ್ವ ನನ್ ಮಾತ್ಗೆ ಅಂಟಿಸ್ಲಿ."

ಅಂಟಿಸಿ ನೋಡಿದೆವು. "ಕಲ್ಸಿದ್ದು ನಮ್ಮೋರು" ಎಂದು ಸೋಮಮ್ಮನ ದನಿ. "ಕರಿಯಯ್ಯ" ಎಂದು ನನ್ನ ಗೊಗ್ಗರು ದನಿ.

"ಈಗ ನಂಗೆ ಇಬ್ರು ಎಂಡ್ತೀರು! ಒಬ್ಳಿಗೆ ಮೀಸೆ ಬೇರೆ!" ಎಂದ ಕರಿಯಯ್ಯ. ಸೋಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

೫

ನಕ್ಕು ಮುಗಿದ ಮೇಲೆ ಅವಳೇ ಹೋಗಿ ಮೈಕಿನ ಮುಂದೆ ಕುಳಿತಳು. "ಅವ್ರು ಒರಕ್ಕೋಗ್ಲಿ," ಎಂದಳು. ಕರಿಯಯ್ಯ ಎದ್ದ. "ನೀನೂವೆ ಕಣಪ್ಪ." ಕಥೆಗಾರನೇ ಇಲ್ಲದಿದ್ದರೆ ಹೇಗಮ್ಮ ಎಂದೆ. "ನೀನೇ ಮೊದ್ಲು."

ಪ್ರಮೀಳಾ ಒಳಗಿನಿಂದ ಚಿಲಕ ಹಾಕಿಕೊಂಡಳು. ನಾನೂ ಕರಿಯಯ್ಯನೂ ಈಗ ಮೆಟ್ಟಿಲ ಮೇಲೆ ಕುಳಿತಿದ್ದೇವೆ. ನೀವೂ ಬನ್ನಿ, ಸರಿದು ಜಾಗ ಕೊಡುತ್ತೇವೆ.

ಒಳಗೆ ಮೈಕು ಸರಿಸಿದ ಸದ್ದು. ಆಮೇಲೆ ಗುಸುಗುಸು. ಆಮೇಲೆ ಇಬ್ಬರದೂ ನಗು.

"ಏನಂದ್ಲು?" ಎಂದ ಕರಿಯಯ್ಯ.

"ಗೊತ್ತಿಲ್ಲ."

"ಬರೆಯೋನು ನೀನೇ ಅಲ್ವೇನ್ಲಾ?"

"ನಾನೇ. ಆದ್ರೆ ಚಿಲಕ ಒಳಗಡೆ ಅದೆ. ನಾಳೆ ಕೋರ್ಸಲ್ಲೇ ಕೇಳ್ಕಳಿ."

"ನಾಳೆ ಊರೆಲ್ಲಾ ಕೇಳ್ತದೆ ಬುಡು," ಎಂದ. "ನಾನ್ ಮೊದ್ಲು ಕೇಳ್ಬೇಕು ಕಣೋ."

ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು, ಕೂದಲು ಸರಿಮಾಡಿಕೊಂಡು, ಬಾಗಿಲಿಗೆ ಕಿವಿ ಹಚ್ಚಿದ.

ಸ್ವಲ್ಪ ಸುಮ್ಮನಿರಿ. ಒಳಗೆ ಗುಸುಗುಸು ನಿಂತಿದೆ.